ಚೌಕಾವರಣವೋ, ಪುಷ್ಪಾವರಣವೋ?

ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ ‘ಕೊಡಗು’ ಎಂದು ಆರಿಸಿದ ಕೂಡಲೇ ಪಕ್ಕದ ಪಟ್ಟಿಯಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಇಷ್ಟೇ ಕಾಣಿಸುತ್ತವೆ. ಪುಟ ಮತ್ತೊಮ್ಮೆ ಲೋಡ್ ಆಗುವುದಿಲ್ಲ, ಬೇರೆ ಜಿಲ್ಲೆಯ ತಾಲ್ಲೂಕು ನಡುವೆ ನುಸುಳುವುದಿಲ್ಲ. ಅಷ್ಟರಲ್ಲಿ ಸರ್ವರ್‌ನಿಂದ ಬ್ರೌಸರ್‌ಗೆ ಸಣ್ಣದೊಂದು ಪಠ್ಯ ಬಂದು ಸೇರಿರುತ್ತದೆ. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ ಎಂದು ಒಂದರೊಳಗೊಂದು ಸೇರಿಕೊಂಡ ಮಾಹಿತಿ ಅದು. ಹೀಗೆ ಬರೆಯುವ ಕ್ರಮಕ್ಕೆ ಜೇಸನ್ ಎಂದು ಹೆಸರು. ಮೊಬೈಲ್‌ನಲ್ಲಿ ಹವಾಮಾನ ನೋಡಿದರೂ, ಬಸ್ ಟಿಕೆಟ್ ಕಾಯ್ದಿರಿಸಿದರೂ ತೆರೆಯ ಹಿಂದೆ ಓಡಾಡುವುದು ಬಹುಪಾಲು ಇದೇ.

ಜೇಸನ್‌ಗೆ ಹೆಸರು ಮತ್ತು ನಿಯಮ ಕೊಟ್ಟವರು ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್. 2000ದ ದಶಕದ ಮೊದಲ ವರ್ಷಗಳ ಕೆಲಸ ಅದು. ತಾವು ಹೊಸದೇನನ್ನೂ ಸೃಷ್ಟಿಸಲಿಲ್ಲ, ಜಾವಾಸ್ಕ್ರಿಪ್ಟ್ ಭಾಷೆಯೊಳಗೆ ಆಗಲೇ ಇದ್ದದ್ದನ್ನು ಗುರುತಿಸಿದೆ ಅಷ್ಟೆ ಎಂದು ಅವರು ಹೇಳುತ್ತ ಬಂದಿದ್ದಾರೆ. 2006ರಲ್ಲಿ, ಅಂತರಜಾಲದ ಮಾನದಂಡಗಳನ್ನು ಬರೆದಿಡುವ ಸರಣಿಯಲ್ಲಿ, ಇದರ ಮೊದಲ ಆರ್‌ಎಫ್‌ಸಿ ದಾಖಲೆ ಬಂತು, 2013ರಲ್ಲಿ ಎಕ್ಮಾ ಸಂಸ್ಥೆಯ ಮಾನದಂಡವಾಯಿತು, ಈಗ ಜಾರಿಯಲ್ಲಿರುವುದು 2017ರ ಆರ್‌ಎಫ್‌ಸಿ 8259. ಕೆಲವೇ ಪುಟಗಳ ದಾಖಲೆ. ಅದರ ಪ್ರಕಾರ ಬರೆದ ಕೊಡಗಿನ ಮಾಹಿತಿ ಹೀಗಿರುತ್ತದೆ:

{
  "ಜಿಲ್ಲೆ": "ಕೊಡಗು",
  "ವಿಸ್ತೀರ್ಣ": 4102,
  "ತಾಲ್ಲೂಕುಗಳು": ["ಮಡಿಕೇರಿ", "ವಿರಾಜಪೇಟೆ", "ಸೋಮವಾರಪೇಟೆ", "ಕುಶಾಲನಗರ", "ಪೊನ್ನಂಪೇಟೆ"]
}

ಇಲ್ಲಿ ಎರಡು ಬಗೆಯ ಆವರಣಗಳಿವೆ. ಹೊರಗಿನದು ಪುಷ್ಪಾವರಣ. ಅದರೊಳಗೆ ಪ್ರತಿ ಮಾಹಿತಿಗೂ ಒಂದು ಹೆಸರಿದೆ, ಅದನ್ನು ಕೀ ಎನ್ನುತ್ತಾರೆ. ಒಳಗಿನದು ಚೌಕಾವರಣ. ಅಲ್ಲಿ ಹೆಸರಿಲ್ಲ, ಸರದಿ ಮಾತ್ರ ಇದೆ: ಮೊದಲನೆಯದು, ಎರಡನೆಯದು, ಮೂರನೆಯದು. ಹೆಸರಿದ್ದದ್ದು ಆಬ್ಜೆಕ್ಟ್, ಸರದಿಯಿದ್ದದ್ದು ಅರೇ. ಇವುಗಳಲ್ಲಿ ಒಂದನ್ನು ಇನ್ನೊಂದರೊಳಗೆ ಬೇಕಾದಷ್ಟು ಆಳಕ್ಕೆ ಇಡಬಹುದು. ಉಳಿದಂತೆ ಜೇಸನ್‌ನಲ್ಲಿರುವುದು ಪಠ್ಯ, ಅಂಕಿ, ಹೌದು–ಅಲ್ಲ ಎಂಬ ಎರಡು ಬೆಲೆಗಳು ಮತ್ತು ‘ಏನೂ ಇಲ್ಲ’ ಎನ್ನುವ ಶೂನ್ಯಬೆಲೆ. ಇಡೀ ವ್ಯಾಕರಣ ಇಷ್ಟೇ.

ಇದನ್ನು ಕಟ್ಟುವ ಕೆಲಸ ಬಹಳ ಕಡೆ ಪಿಎಚ್‌ಪಿ ಭಾಷೆಯ ಪಾಲಿಗೆ ಬರುತ್ತದೆ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ವೈಯಕ್ತಿಕ ಪುಟಕ್ಕೆಂದು ಬರೆದ ಉಪಕರಣಗಳಿಂದ ಹುಟ್ಟಿದ ಭಾಷೆ ಇದು. ವರ್ಡ್‌ಪ್ರೆಸ್ ಇದರಲ್ಲಿದೆ, ಕಾಲೇಜುಗಳು ಬಳಸುವ ಮೂಡಲ್ ಇದರಲ್ಲಿದೆ, ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ ಇದರಲ್ಲೇ ಇದೆ. ನಮ್ಮ ಊರುಗಳ ಸಣ್ಣ ಪತ್ರಿಕೆ, ಸಹಕಾರ ಸಂಘ, ಶಾಲೆಗಳ ಜಾಲತಾಣಗಳನ್ನು ಕಟ್ಟುವ ಹುಡುಗ ಹುಡುಗಿಯರು ಮೊದಲು ಕೈ ಹಚ್ಚುವುದೂ ಸಾಮಾನ್ಯವಾಗಿ ಇದಕ್ಕೇ. ಅವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಒಂದೇ ಮೂಲದಿಂದ ಹೊರಡುತ್ತವೆ.

ಆ ಮೂಲ ಇದು. ಜೇಸನ್‌ನಲ್ಲಿ ಎರಡು ಬಗೆಯ ಆವರಣಗಳಿದ್ದರೆ ಪಿಎಚ್‌ಪಿಯಲ್ಲಿ ದಿನನಿತ್ಯ ಬಳಸುವುದು ಒಂದೇ ಬಗೆಯ ಅರೇ. ಅದು ಸರದಿಯ ಪಟ್ಟಿಯೂ ಹೌದು, ಹೆಸರಿನ ಕೋಶವೂ ಹೌದು. ಒಂದೇ ಅರೇಯಲ್ಲಿ ಅರ್ಧ ಅಂಕಿ ಕೀಗಳು, ಅರ್ಧ ಪಠ್ಯದ ಕೀಗಳು ಇದ್ದರೂ ಭಾಷೆ ಆಕ್ಷೇಪಿಸುವುದಿಲ್ಲ. ಈ ಸಲಿಗೆಯಿಂದಾಗಿಯೇ ಪಿಎಚ್‌ಪಿಯಲ್ಲಿ ಕೆಲಸ ಬೇಗ ಸಾಗುತ್ತದೆ. ಆದರೆ ಕೊನೆಯಲ್ಲಿ ಆ ಅರೇಯನ್ನು ಜೇಸನ್ ಆಗಿ ಬರೆಯುವಾಗ ಚೌಕವೋ ಪುಷ್ಪವೋ ಎಂದು ಯಾರಾದರೂ ತೀರ್ಮಾನಿಸಲೇಬೇಕು. ನೀವು ತೀರ್ಮಾನಿಸದಿದ್ದರೆ ‘ಜೇಸನ್ ಎನ್‌ಕೋಡ್’ ಎಂಬ ಫಂಕ್ಷನ್ ತೀರ್ಮಾನಿಸುತ್ತದೆ. ಅದು ನೋಡುವುದು ಒಂದನ್ನೇ: ಕೀಗಳು ಸೊನ್ನೆಯಿಂದ ಶುರುವಾಗಿ 0, 1, 2 ಎಂದು ಒಂದೂ ತಪ್ಪದೆ ಸಾಲಾಗಿವೆಯೇ? ಸಾಲಾಗಿದ್ದರೆ ಚೌಕ, ಇಲ್ಲದಿದ್ದರೆ ಪುಷ್ಪ. ನಿಮ್ಮ ಮನಸ್ಸಿನಲ್ಲಿದ್ದ ಉದ್ದೇಶ ಅದಕ್ಕೆ ಗೊತ್ತಾಗುವ ದಾರಿಯಿಲ್ಲ.

ಈ ಫಂಕ್ಷನ್ 2006ರ ಪಿಎಚ್‌ಪಿ 5.2ರಿಂದ ಭಾಷೆಯ ಜೊತೆಗೇ ಬರುತ್ತಿದೆ. ಹಳೆಯ ಆವೃತ್ತಿಗಳಲ್ಲಿ ಜೇಸನ್ ಓದುವ ಭಾಗದ ಮೂಲ ಸಂಕೇತಕ್ಕೆ ಒಂದು ವಿಚಿತ್ರ ಪರವಾನಗಿ ಅಂಟಿಕೊಂಡಿತ್ತು. ಈ ತಂತ್ರಾಂಶವನ್ನು ಒಳಿತಿಗೆ ಬಳಸಬೇಕೇ ಹೊರತು ಕೆಡುಕಿಗಲ್ಲ ಎಂಬ ಷರತ್ತು ಅದರಲ್ಲಿತ್ತು. ಬಳಕೆಗೆ ಯಾವ ನಿರ್ಬಂಧವೂ ಇರಬಾರದು ಎನ್ನುವ ಮುಕ್ತ ತಂತ್ರಾಂಶದ ತತ್ವಕ್ಕೆ ಇದು ಹೊಂದುವುದಿಲ್ಲವೆಂದು ಲಿನಕ್ಸ್ ಹಂಚುವ ಡೆಬಿಯನ್ ಬಳಗ ಅದನ್ನು ಒಪ್ಪಲಿಲ್ಲ. ಕೊನೆಗೆ 2015ರ ಪಿಎಚ್‌ಪಿ 7ರಲ್ಲಿ ಯಾಕುಬ್ ಝೆಲೆಂಕಾ ಬರೆದ ಹೊಸ ಸಂಕೇತ ಅದರ ಜಾಗಕ್ಕೆ ಬಂತು. ಒಂದು ವಾಕ್ಯದ ಷರತ್ತಿಗಾಗಿ ಇಡೀ ಭಾಗವನ್ನು ಹೊಸದಾಗಿ ಬರೆದ ಈ ಪ್ರಸಂಗ ನನಗೆ ತುಂಬ ಮೆಚ್ಚುಗೆಯದು. ಸ್ವಾತಂತ್ರ್ಯವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಇದ್ದುದರಿಂದಲೇ ಇವತ್ತು ಯಾರು ಬೇಕಾದರೂ ಹಣ ಕೊಡದೆ, ಅನುಮತಿ ಕೇಳದೆ ಇದನ್ನು ಬಳಸಬಹುದು.

ಮತ್ತೆ ಆವರಣಗಳಿಗೆ ಬರೋಣ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ರೂಪುಗೊಂಡಿತು. ಹೊಸಪೇಟೆ ಅದರ ಕೇಂದ್ರ. ಯಾವುದೋ ಜಾಲತಾಣದಲ್ಲಿ ಹಳೆಯ ಬಳ್ಳಾರಿಯ ತಾಲ್ಲೂಕುಗಳ ಪಟ್ಟಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಸಂಡೂರು ಎಂದು ಶುರುವಾಗುತ್ತದೆ ಅಂದುಕೊಳ್ಳಿ. ಪ್ರೋಗ್ರಾಮರ್ ‘ಅರೇ ಫಿಲ್ಟರ್’ ಫಂಕ್ಷನ್ ಬಳಸಿ ವಿಜಯನಗರಕ್ಕೆ ಹೋದ ತಾಲ್ಲೂಕುಗಳನ್ನು ತೆಗೆದುಹಾಕುತ್ತಾರೆ. ಈ ಫಂಕ್ಷನ್ ಬೇಡದ್ದನ್ನು ತೆಗೆಯುತ್ತದೆ, ಉಳಿದವುಗಳ ಕೀಗಳನ್ನು ಮಾತ್ರ ಇದ್ದಂತೆಯೇ ಬಿಡುತ್ತದೆ. 1ನೇ ಜಾಗ ಖಾಲಿ. ಸಾಲು ಮುರಿಯಿತು. ಹೊರಗೆ ಹೋಗುವುದು ಹೀಗೆ:

{"0": "ಬಳ್ಳಾರಿ", "2": "ಸಿರುಗುಪ್ಪ", "3": "ಸಂಡೂರು"}

ಚೌಕ ಹೋಗಿ ಪುಷ್ಪ ಬಂದಿದೆ. ಪಿಎಚ್‌ಪಿಯ ಕಡೆಯಿಂದ ನೋಡಿದರೆ ಯಾವ ಎರರ್ ಇಲ್ಲ, ಮಾಹಿತಿಯೂ ತಪ್ಪಲ್ಲ. ಆದರೆ ಆ ಬದಿಯಲ್ಲಿ ಅರೇ ಬರುತ್ತದೆಂದು ಕಾದಿದ್ದ ಜಾವಾಸ್ಕ್ರಿಪ್ಟ್ ಲೂಪ್ ಮುಗ್ಗರಿಸುತ್ತದೆ. ಕೋಟ್ಲಿನ್, ಸ್ವಿಫ್ಟ್‌ನಂಥ ಬಿಗಿ ಭಾಷೆಗಳಲ್ಲಿ ಬರೆದ ಮೊಬೈಲ್ ಆ್ಯಪ್ ಆದರೆ, ಅರೇ ಬೇಕಿತ್ತು ಆಬ್ಜೆಕ್ಟ್ ಸಿಕ್ಕಿತು ಎಂದು ಪೂರ್ತಿ ಉತ್ತರವನ್ನೇ ತಿರಸ್ಕರಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ ಇದು ಎಲ್ಲ ಸಲವೂ ಆಗುವುದಿಲ್ಲ. ತೆಗೆದ ಹೆಸರುಗಳು ಪಟ್ಟಿಯ ಕೊನೆಯಲ್ಲಿದ್ದರೆ ಸಾಲು ಮುರಿಯುವುದಿಲ್ಲ, ಚೌಕ ಚೌಕವಾಗಿಯೇ ಉಳಿಯುತ್ತದೆ. ಅಂದರೆ ಪರೀಕ್ಷೆ ಮಾಡಿದ ದಿನ ಎಲ್ಲ ಸರಿಯಿದ್ದು, ಬೇರೊಂದು ಜಿಲ್ಲೆಯ ಮಾಹಿತಿ ಬಂದ ದಿನ ಕೆಡುತ್ತದೆ. ಪರಿಹಾರ ಒಂದೇ ಸಾಲಿನದು: ಫಿಲ್ಟರ್ ಆದ ಮೇಲೆ ‘ಅರೇ ವ್ಯಾಲ್ಯೂಸ್’ ಫಂಕ್ಷನ್ ಕರೆದರೆ ಕೀಗಳು ಮತ್ತೆ ಸೊನ್ನೆಯಿಂದ ಜೋಡಣೆಯಾಗುತ್ತವೆ. ಸಂಖ್ಯೆ ಬಿಟ್ಟುಹೋಗಿದೆಯೇ ಎಂದು ಮೊದಲು ಪರೀಕ್ಷಿಸಿ ಆಮೇಲೆ ಕರೆಯುವ ಗೋಜು ಬೇಡ. ಪಟ್ಟಿಯಾಗಿ ಹೊರಗೆ ಹೋಗಬೇಕಾದ ಪ್ರತಿಯೊಂದಕ್ಕೂ ಕಣ್ಣುಮುಚ್ಚಿ ಕರೆಯಿರಿ.

ಖಾಲಿ ಅರೇಯದು ಇದರ ತದ್ವಿರುದ್ಧ ಕಥೆ. ಒಂದು ತಾಲ್ಲೂಕಿನ ಸೌಲಭ್ಯಗಳನ್ನು "ಆಸ್ಪತ್ರೆ", "ಗ್ರಂಥಾಲಯ" ಎಂಬ ಕೀಗಳಡಿ ಇಡುತ್ತೀರಿ. ಸೌಲಭ್ಯ ಇರುವ ಕಡೆ ಪುಷ್ಪಾವರಣ ಬರುತ್ತದೆ. ಏನೂ ಇಲ್ಲದ ತಾಲ್ಲೂಕಿನಲ್ಲಿ ಅರೇ ಖಾಲಿ, ಖಾಲಿ ಅರೇಯಲ್ಲಿ ಸಾಲು ಮುರಿಯಲು ಏನೂ ಇಲ್ಲ, ಹಾಗಾಗಿ [] ಎಂಬ ಚೌಕ ಹೋಗುತ್ತದೆ. ಬೇಕಿದ್ದದ್ದು {}. ಹೆಸರಿನ ಕೋಶವೆಂದು ಗೊತ್ತಿರುವ ಅರೇಯನ್ನು ಹೊರಗೆ ಕಳಿಸುವ ಮುನ್ನ ಆಬ್ಜೆಕ್ಟ್ ಆಗಿ ಪರಿವರ್ತಿಸಿದರೆ ಈ ಸಮಸ್ಯೆ ಹುಟ್ಟುವುದಿಲ್ಲ. ಎಲ್ಲವನ್ನೂ ಪುಷ್ಪವಾಗಿಸುವ ‘ಫೋರ್ಸ್ ಆಬ್ಜೆಕ್ಟ್’ ಎಂಬ ಆಯ್ಕೆಯೊಂದು ಇದೆ, ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದು ಒಳಗಿರುವ ನಿಜವಾದ ಪಟ್ಟಿಗಳನ್ನೂ ಬಿಡದೆ ಪುಷ್ಪವಾಗಿಸುತ್ತದೆ.

ಇದೇ ಖಾಲಿ ಕೋಶ ಓದುವಾಗಲೂ ಕಾಡುತ್ತದೆ. ಬೇರೆಯವರಿಂದ ಬಂದ ಜೇಸನ್ ಅನ್ನು ‘ಜೇಸನ್ ಡೀಕೋಡ್’ ಮಾಡುವಾಗ ಎಲ್ಲವೂ ಅರೇಯಾಗಿ ಬರಲಿ ಎಂದು ಕೇಳುವುದು ರೂಢಿ. ಆಗ {} ಮತ್ತು [] ಎರಡೂ ಒಂದೇ ಖಾಲಿ ಅರೇಯಾಗುತ್ತವೆ. ಒಂದಕ್ಷರ ಬದಲಿಸದೆ ಅದನ್ನೇ ಮತ್ತೆ ಎನ್‌ಕೋಡ್ ಮಾಡಿ ಕಳಿಸಿದರೂ ಪುಷ್ಪವಿದ್ದ ಕಡೆ ಚೌಕ ಕಾಣುತ್ತದೆ. ಬಂದದ್ದನ್ನು ಬಂದ ಹಾಗೆ ದಾಟಿಸುವ ಕೆಲಸವಿದ್ದರೆ ಆಬ್ಜೆಕ್ಟ್ ಆಗಿಯೇ ಓದಿಕೊಳ್ಳುವುದು ಒಳ್ಳೆಯದು.

ಈಗ ಕಟ್ಟುವ ಕೆಲಸ. ಡೇಟಾಬೇಸ್‌ನಿಂದ ಬರುವುದು ಯಾವಾಗಲೂ ಚಪ್ಪಟೆ ಸಾಲುಗಳು: ಕೊಡಗು–ಮಡಿಕೇರಿ ಒಂದು ಸಾಲು, ಕೊಡಗು–ವಿರಾಜಪೇಟೆ ಇನ್ನೊಂದು, ವಿಜಯನಗರ–ಹೊಸಪೇಟೆ ಮತ್ತೊಂದು. ಜಿಲ್ಲೆಯ ಹೆಸರು ಪ್ರತಿ ಸಾಲಿನಲ್ಲೂ ಪುನರಾವರ್ತನೆಯಾಗುತ್ತದೆ. ಇದನ್ನು ಪದರ ಪದರವಾಗಿ ಜೋಡಿಸಬೇಕು. ಹೊಸಬರು ಸಾಮಾನ್ಯವಾಗಿ ಮೊದಲು ಜಿಲ್ಲೆಗಳ ಪಟ್ಟಿ ತರಿಸಿಕೊಂಡು, ಲೂಪ್‌ನೊಳಗೆ ಒಂದೊಂದು ಜಿಲ್ಲೆಗೂ ಬೇರೆ ಬೇರೆ ಕ್ವೆರಿ ಓಡಿಸಿ ತಾಲ್ಲೂಕು ತರಿಸುತ್ತಾರೆ. ಜಿಲ್ಲೆ 31 ಇದ್ದರೆ 32 ಕ್ವೆರಿ ಆಯಿತು. ಇದೇ ರೀತಿ ಹೋಬಳಿಗೆ ಇಳಿದರೆ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಅಷ್ಟೇ ಕ್ವೆರಿಗಳು ಸೇರುತ್ತವೆ. ಒಬ್ಬರೇ ಬಳಸುವಾಗ ಗೊತ್ತಾಗುವುದಿಲ್ಲ, ಅರ್ಜಿ ಹಾಕುವ ಕೊನೆಯ ದಿನ ಸಾವಿರಾರು ಮಂದಿ ಒಟ್ಟಿಗೆ ಬಂದಾಗ ಸರ್ವರ್ ಕುಸಿಯುತ್ತದೆ. ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಿ ಒಂದೇ ಕ್ವೆರಿಯಲ್ಲಿ ಎಲ್ಲ ಸಾಲುಗಳನ್ನು ತಂದು, ಪಿಎಚ್‌ಪಿಯೊಳಗೇ ಗುಂಪು ಮಾಡುವುದು ಸರಿಯಾದ ದಾರಿ. ಲೂಪ್‌ನ ಒಡಲಲ್ಲಿ ಬೇಕಿರುವುದು ಎರಡೇ ಸಾಲು:

$ಜಿಲ್ಲೆಗಳು[$ಸಾಲು['ಸಂಖ್ಯೆ']]['ಹೆಸರು'] = $ಸಾಲು['ಜಿಲ್ಲೆ'];
$ಜಿಲ್ಲೆಗಳು[$ಸಾಲು['ಸಂಖ್ಯೆ']]['ತಾಲ್ಲೂಕುಗಳು'][] = $ಸಾಲು['ತಾಲ್ಲೂಕು'];

ಈ ಸಂಕೇತ ಹೀಗೆಯೇ ಓಡುತ್ತದೆ. ಪಿಎಚ್‌ಪಿಯಲ್ಲಿ ಚರಗಳಿಗೆ ಕನ್ನಡದಲ್ಲಿ ಹೆಸರಿಡುವುದಕ್ಕೆ ಅಡ್ಡಿಯಿಲ್ಲ. ಮೊದಲ ಸಾಲು ಜಿಲ್ಲೆಯ ಸಂಖ್ಯೆಯನ್ನೇ ಕೀಯಾಗಿಸಿ ಹೆಸರು ಬರೆದಿಡುತ್ತದೆ. ಕೊಡಗು ಐದು ಸಲ ಬಂದರೂ ಐದು ಸಲವೂ ಅದೇ ಜಾಗಕ್ಕೆ ಹೋಗುವುದರಿಂದ ನಕಲು ಹುಟ್ಟುವುದಿಲ್ಲ. ಎರಡನೆಯ ಸಾಲಿನಲ್ಲಿ ಸಮಚಿಹ್ನೆಗೆ ಮುಂಚೆ ಇರುವ ಬರಿಯ ಚೌಕಾವರಣಕ್ಕೆ ‘ಪಟ್ಟಿಯ ಕೊನೆಗೆ ಸೇರಿಸು’ ಎಂದರ್ಥ. ಒಳಗಿನ ಅರೇಗಳನ್ನು ಮುಂಚೆಯೇ ಸೃಷ್ಟಿಸಬೇಕಿಲ್ಲ, ಮೊದಲ ಬಾರಿ ಮುಟ್ಟಿದಾಗ ಪಿಎಚ್‌ಪಿ ತಾನೇ ಸೃಷ್ಟಿಸಿಕೊಳ್ಳುತ್ತದೆ. ಈ ಉದಾರತೆಗೆ ಒಂದು ಬೆಲೆಯೂ ಇದೆ. ಎಲ್ಲೋ ಒಂದು ಕಡೆ ‘ತಾಲ್ಲೂಕುಗಳು’ ಬದಲು ‘ತಾಲೂಕುಗಳು’ ಎಂದು ಬರೆದುಬಿಟ್ಟರೆ ಅದು ತಪ್ಪೆಂದು ಭಾಷೆ ಹೇಳುವುದಿಲ್ಲ, ಆ ಹೆಸರಿನಲ್ಲಿ ಹೊಸದೊಂದು ಕೊಂಬೆಯನ್ನೇ ಬೆಳೆಸುತ್ತದೆ.

ಲೂಪ್ ಮುಗಿದಾಗ ಹೊರಗಿನ ಅರೇಯ ಕೀಗಳು ಜಿಲ್ಲೆಯ ಸಂಖ್ಯೆಗಳಾಗಿರುತ್ತವೆ. ಅವು ಕಟ್ಟುವಾಗ ನೆರವಿಗೆಂದು ಬಳಸಿದವು, ಕೆಲಸ ಮುಗಿದ ಮೇಲೆ ಬೇಡ. ಇಲ್ಲಿಯೂ ‘ಅರೇ ವ್ಯಾಲ್ಯೂಸ್’ ಕರೆದು ಅವನ್ನು ಕಳಚಬೇಕು. ಕಳಚದೆ ಬಿಟ್ಟರೆ ಪುಷ್ಪಾವರಣ ಹೋಗುವುದು ಒಂದು ತೊಂದರೆಯಾದರೆ, ಇನ್ನೊಂದು ತೊಂದರೆ ಬಹಳ ಜನ ಗಮನಿಸದ್ದು. ನೀವು ಜಿಲ್ಲೆಗಳನ್ನು ಅಕಾರಾದಿಯಲ್ಲಿ ಜೋಡಿಸಿ ಬಳ್ಳಾರಿ, ಬಾಗಲಕೋಟೆ, ಬೀದರ್ ಎಂದು ಕಳಿಸಿರುತ್ತೀರಿ. ಆದರೆ ಅಂಕಿಯಂತಿರುವ ಕೀಗಳನ್ನು ಜಾವಾಸ್ಕ್ರಿಪ್ಟ್ ಏರಿಕೆ ಕ್ರಮದಲ್ಲಿ ಮೊದಲು ಓದುತ್ತದೆ. ಬ್ರೌಸರ್‌ನಲ್ಲಿ ಪಟ್ಟಿ ಸಂಖ್ಯೆಯ ಕ್ರಮಕ್ಕೆ ತಿರುಗಿ ಅಕಾರಾದಿ ಕಾಣೆಯಾಗುತ್ತದೆ. ಆಬ್ಜೆಕ್ಟ್ ಒಳಗಿನ ಕ್ರಮವನ್ನು ಜೇಸನ್ ಮಾನದಂಡ ಲೆಕ್ಕಕ್ಕೇ ಇಟ್ಟಿಲ್ಲ. ಕ್ರಮ ಮುಖ್ಯವಾದರೆ ಚೌಕಾವರಣ ಬಿಟ್ಟು ಬೇರೆ ದಾರಿಯಿಲ್ಲ, ಸಂಖ್ಯೆಯನ್ನು ಪ್ರತಿ ಜಿಲ್ಲೆಯ ಒಳಗೆ ಒಂದು ಮಾಹಿತಿಯಾಗಿ ಇಡಬೇಕು.

ಎರಡು ಪದರಕ್ಕೆ ಇಷ್ಟು ಸಾಕು. ಕಂದಾಯ ಇಲಾಖೆಯ ವಿಭಾಗ, ಜಿಲ್ಲೆ, ಉಪವಿಭಾಗ, ತಾಲ್ಲೂಕು, ಹೋಬಳಿ, ಗ್ರಾಮ ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿಟ್ಟು, ಪ್ರತಿ ಸಾಲಿನಲ್ಲೂ ‘ನನ್ನ ಮೇಲಿನದು ಯಾವುದು’ ಎಂದು ಬರೆದಿದ್ದರೆ ಎಷ್ಟು ಪದರ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಇಲ್ಲಿ ಪಿಎಚ್‌ಪಿಯ ಇನ್ನೊಂದು ಗುಣ ಅಡ್ಡ ಬರುತ್ತದೆ. ಒಂದು ಅರೇಯನ್ನು ಇನ್ನೊಂದರೊಳಗೆ ಇಟ್ಟರೆ ಒಳಗೆ ಹೋಗುವುದು ಅದರ ಪ್ರತಿ. ಜಿಲ್ಲೆಯೊಳಗೆ ತಾಲ್ಲೂಕನ್ನು ಇಟ್ಟು, ಆಮೇಲೆ ಹೊರಗಿರುವ ತಾಲ್ಲೂಕಿಗೆ ಹೋಬಳಿ ಸೇರಿಸಿದರೆ ಜಿಲ್ಲೆಯೊಳಗಿನ ಪ್ರತಿಗೆ ಅದು ತಲುಪುವುದಿಲ್ಲ. ಹೋಬಳಿಗಳಿಲ್ಲದ ಜಿಲ್ಲೆ ಹೊರಗೆ ಹೋಗುತ್ತದೆ.

ಇದಕ್ಕೆ ರೆಫರೆನ್ಸ್ ಬಳಸುವವರಿದ್ದಾರೆ. ಪ್ರತಿಯ ಬದಲು ಕೊಂಡಿ ಇಡುವ ವಿಧಾನ ಅದು. ಕೆಲಸವಾಗುತ್ತದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಲೂಪ್‌ನಲ್ಲಿ ರೆಫರೆನ್ಸ್ ಬಳಸಿದರೆ ಲೂಪ್ ಮುಗಿದ ಮೇಲೂ ಆ ಕೊಂಡಿ ಕಳಚಿಕೊಳ್ಳುವುದಿಲ್ಲ. ಮುಂದೆ ಅದೇ ಹೆಸರಿನಿಂದ ಮತ್ತೊಂದು ಲೂಪ್ ಓಡಿದಾಗ ಪಟ್ಟಿಯ ಕೊನೆಯ ಅಂಶ ಅಳಿಸಿಹೋಗಿ ಅದರ ಹಿಂದಿನದು ಎರಡು ಸಲ ಕಾಣಿಸುತ್ತದೆ. ಎಷ್ಟೋ ತಂಡಗಳು ದಿನಗಟ್ಟಲೆ ಹುಡುಕಿದ ಬಗ್ ಇದು. ಅದಕ್ಕಿಂತ ಎರಡು ಹಂತದ ವಿಧಾನ ಸ್ವಚ್ಛ. ಮೊದಲು ಎಲ್ಲ ಸಾಲುಗಳನ್ನೂ ಅವುಗಳ ಮೇಲಿನದರ ಸಂಖ್ಯೆಯಡಿ ಗುಂಪು ಮಾಡಿಕೊಳ್ಳಿ:

$ಮಕ್ಕಳು[$ಸಾಲು['ಮೇಲಿನದು']][] = $ಸಾಲು;

ನಂತರ ತನ್ನನ್ನೇ ಕರೆದುಕೊಳ್ಳುವ ಒಂದು ಫಂಕ್ಷನ್ ಬರೆಯಿರಿ. ಕೊಟ್ಟ ಸಂಖ್ಯೆಯಡಿ ಇರುವ ಮಕ್ಕಳನ್ನು ಅದು ತೆಗೆದುಕೊಂಡು, ಪ್ರತಿ ಮಗುವಿಗೂ ತನ್ನನ್ನೇ ಮತ್ತೆ ಕರೆದು ಅದರ ಮಕ್ಕಳನ್ನು ತುಂಬಿಸಿ ಪಟ್ಟಿ ಹಿಂತಿರುಗಿಸಬೇಕು. ಮೇಲಿನಿಂದ ಶುರು ಮಾಡಿದರೂ ಗ್ರಾಮ ಮೊದಲು ಪೂರ್ಣವಾಗುತ್ತದೆ, ಆಮೇಲೆ ಹೋಬಳಿ, ಆಮೇಲೆ ತಾಲ್ಲೂಕು. ಪೂರ್ಣವಾದದ್ದೇ ಮೇಲಿನದರೊಳಗೆ ಸೇರುವುದರಿಂದ ಪ್ರತಿಯ ತೊಂದರೆ ಬರುವುದಿಲ್ಲ. ಒಂದು ಎಚ್ಚರಿಕೆ ಬೇಕು: ಯಾರೋ ತಪ್ಪಾಗಿ ಒಂದು ಹೋಬಳಿಗೆ ಅದರದೇ ಸಂಖ್ಯೆಯನ್ನು ‘ಮೇಲಿನದು’ ಎಂದು ಬರೆದಿದ್ದು, ಅಲ್ಲಿಂದ ಕಟ್ಟಲು ಶುರು ಮಾಡಿದರೆ ಫಂಕ್ಷನ್‌ಗೆ ಕೊನೆಯೇ ಇರುವುದಿಲ್ಲ. ಅಂಥ ಸಾಲುಗಳನ್ನು ಡೇಟಾಬೇಸ್‌ನಲ್ಲೇ ತಡೆಯಬೇಕು. ಎನ್‌ಕೋಡ್ ಫಂಕ್ಷನ್‌ಗೆ ಆಳದ ಮಿತಿ ಸಹಜವಾಗಿ 512 ಪದರ. ನ್ಯಾಯವಾದ ಯಾವ ಮಾಹಿತಿಯೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಅಂಕಿಗಳ ವಿಷಯ. 2021ರ ಪಿಎಚ್‌ಪಿ 8.1 ಬರುವವರೆಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೊತೆ ಮಾತಾಡಲು ಪಿಡಿಒ ವಿಸ್ತರಣೆ ಬಳಸಿದಾಗ ಸಂಖ್ಯೆಗಳೂ ಸಾಮಾನ್ಯವಾಗಿ ಪಠ್ಯವಾಗಿಯೇ ಕೈಗೆ ಬರುತ್ತಿದ್ದವು. ಕೊಡಗಿನ ವಿಸ್ತೀರ್ಣ 4102 ಎಂದು ಹೋಗುವ ಬದಲು ಉದ್ಧರಣ ಚಿಹ್ನೆಯೊಳಗೆ "4102" ಎಂದು ಹೋಗುತ್ತಿತ್ತು. ಅದಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ 1 ಕೂಡಿಸಿದರೆ ಸಿಗುವುದು 41021. ಇದನ್ನು ಸರಿಪಡಿಸಲು ‘ನ್ಯೂಮೆರಿಕ್ ಚೆಕ್’ ಎಂಬ ಆಯ್ಕೆ ಇದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಕಿಯ ಹಾಗೆ ಕಾಣುವುದನ್ನೆಲ್ಲ ಅದು ಸಂಖ್ಯೆಯಾಗಿಸುತ್ತದೆ. ಮಡಿಕೇರಿಯ ಎಸ್‌ಟಿಡಿ ಸಂಕೇತ 08272. ಆ ಆಯ್ಕೆ ಹಾಕಿದರೆ ಹೊರಗೆ ಹೋಗುವುದು 8272, ಮುಂದಿನ ಸೊನ್ನೆ ಮಾಯ. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ಸಂಖ್ಯೆಗೂ ಇದೇ ಗತಿ. ಕೂಡಿ ಕಳೆಯುವಂಥದ್ದು ಮಾತ್ರ ಸಂಖ್ಯೆ. ಗುರುತಿಗೆ ಬಳಸುವ ಅಂಕಿಗಳೆಲ್ಲ ಪಠ್ಯವಾಗಿಯೇ ಇರಲಿ. ಯಾವುದು ಏನೆಂದು ಕಾಲಂ ಕಾಲಂ ಆಗಿ ನೀವೇ ಬರೆಯಿರಿ. ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುವುದು 9007199254740991ರವರೆಗೆ ಮಾತ್ರ. ಟ್ವಿಟರ್ ತನ್ನ ಟ್ವೀಟ್‌ಗಳ ಗುರುತು ಸಂಖ್ಯೆಗಳನ್ನು ಅಂಕಿಯಾಗಿಯೂ ಪಠ್ಯವಾಗಿಯೂ ಎರಡೆರಡು ಸಲ ಕೊಡಬೇಕಾಗಿ ಬಂದದ್ದು ಇದೇ ಮಿತಿಯಿಂದ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಪಠ್ಯದ ವಿಷಯ. ‘ಜೇಸನ್ ಎನ್‌ಕೋಡ್’ ಸುಮ್ಮನೆ ಕರೆದರೆ ಕನ್ನಡದ ಒಂದೊಂದು ಚಿಹ್ನೆಯನ್ನೂ ಅದು ಹಿಂಬಾಗುಗೆರೆ, ‘ಯು’ ಮತ್ತು ನಾಲ್ಕಂಕಿಯ ಯುನಿಕೋಡ್ ಸಂಕೇತವಾಗಿ ಬದಲಿಸಿ ಕಳಿಸುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ ಚಿಹ್ನೆ, ಇನ್ನೊಂದು ನ, ಡ ಎಂದು ಐದು ಸಂಕೇತಗಳಿವೆ. ಯುಟಿಎಫ್-8ರಲ್ಲಿ ಅವಕ್ಕೆ 15 ಬೈಟ್ ಸಾಕು. ಹೀಗೆ ಬಿಡಿಸಿ ಬರೆದಾಗ 30 ಬೈಟ್ ಬೇಕು. ಓದುವ ಕಡೆ ಅದು ಮತ್ತೆ ಸರಿಯಾದ ಕನ್ನಡವಾಗುತ್ತದೆ, ಆದ್ದರಿಂದ ಇದು ತಪ್ಪಲ್ಲ. ಆದರೆ ಲಾಗ್ ಫೈಲ್ ತೆರೆದು ನೋಡಿದರೆ ಒಂದಕ್ಷರವೂ ಓದಲಾಗುವುದಿಲ್ಲ, ಕಳಿಸಿದ್ದು ಸರಿಯೋ ಎಂದು ಕಣ್ಣಿನಿಂದ ಪರೀಕ್ಷಿಸಲಾಗುವುದಿಲ್ಲ. 2012ರ ಪಿಎಚ್‌ಪಿ 5.4ರಿಂದ ‘ಅನ್‌ಎಸ್ಕೇಪ್ಡ್ ಯುನಿಕೋಡ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಕನ್ನಡ ಕನ್ನಡವಾಗಿಯೇ ಹೋಗುತ್ತದೆ. ಕನ್ನಡ ಜಾಲತಾಣಗಳಲ್ಲಿ ಇದು ಐಚ್ಛಿಕವಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಜವಾದ ಅಪಾಯ ಬೇರೆ ಕಡೆ ಇದೆ. ಸುದ್ದಿಯ ಮೊದಲ 100 ಅಕ್ಷರಗಳನ್ನು ಸಾರಾಂಶವಾಗಿ ತೋರಿಸಲು ‘ಸಬ್‌ಸ್ಟ್ರಿಂಗ್’ ಕತ್ತರಿಸುವ ಹಳೆಯ ಫಂಕ್ಷನ್ ಬಳಸುತ್ತಾರೆ. ಅದು ಎಣಿಸುವುದು ಬೈಟ್‌ಗಳನ್ನು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಕತ್ತರಿ ಅದರ ನಡುವೆ ಬೀಳುವ ಸಾಧ್ಯತೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಮುರಿದ ಬೈಟ್ ಯುಟಿಎಫ್-8 ನಿಯಮಕ್ಕೆ ವಿರುದ್ಧವಾದದ್ದು, ಜೇಸನ್ ಎನ್‌ಕೋಡ್ ಅದನ್ನು ಸಹಿಸುವುದಿಲ್ಲ. ನೂರು ಸುದ್ದಿಗಳಲ್ಲಿ ಒಂದರ ಕೊನೆಯ ಅಕ್ಷರ ಮುರಿದರೂ ನೂರೂ ಸುದ್ದಿಗಳು ಹೋಗುವುದಿಲ್ಲ. ಫಂಕ್ಷನ್ ‘ಅಲ್ಲ’ ಎಂಬ ಬೆಲೆಯನ್ನಷ್ಟೇ ಹಿಂತಿರುಗಿಸುತ್ತದೆ, ಬ್ರೌಸರ್‌ಗೆ ಖಾಲಿ ಉತ್ತರ ಬರುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅಲ್ಲಿ ಇದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಯುನಿಕೋಡ್ ಅರಿತ ‘ಎಂಬಿ’ ಬಗೆಯ ಫಂಕ್ಷನ್‌ಗಳು ಬೈಟ್ ಮುರಿಯುವುದಿಲ್ಲ, ಆದರೆ ‘ಹುಬ್ಬಳ್ಳಿ’ಯನ್ನು ನಾಲ್ಕಕ್ಕೆ ಕತ್ತರಿಸಿ ‘ಹುಬ್’ ಎಂದು ಕೊಡುತ್ತವೆ. ‘ಎಂಬಿ’ ಫಂಕ್ಷನ್‌ನಿಂದ ಕತ್ತರಿಸಿ, ಅಲ್ಲಿಂದ ಹಿಂದಿನ ಪದದ ಖಾಲಿ ಜಾಗದವರೆಗೆ ಬಂದು ನಿಲ್ಲಿಸುವುದೇ ಕನ್ನಡಕ್ಕೆ ಸರಿಹೊಂದುವ ವಿಧಾನ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ, ಯುನಿಕೋಡ್ ಅಲ್ಲದ ಕಡತಗಳಿಂದ ಬಂದ ಪಠ್ಯವೂ ಇದೇ ರೀತಿ ಮುಗ್ಗರಿಸಬಹುದು. ಅವನ್ನು ಡೇಟಾಬೇಸ್‌ಗೆ ಸೇರಿಸುವ ಮೊದಲೇ ಪರಿವರ್ತಿಸಿಕೊಳ್ಳಬೇಕು.

ಹೀಗೆ ಸದ್ದಿಲ್ಲದೆ ಸೋಲುವುದನ್ನು ತಪ್ಪಿಸಲು 2018ರ ಪಿಎಚ್‌ಪಿ 7.3ರಲ್ಲಿ ‘ಥ್ರೋ ಆನ್ ಎರರ್’ ಎಂಬ ಆಯ್ಕೆ ಬಂತು. ಅದನ್ನು ಹಾಕಿದರೆ ಖಾಲಿ ಉತ್ತರದ ಬದಲು ಸ್ಪಷ್ಟವಾದ ದೋಷ ಸಿಗುತ್ತದೆ, ಲಾಗ್‌ನಲ್ಲಿ ಕಾರಣ ಇರುತ್ತದೆ.

ಮೇಲಿನ ಉದಾಹರಣೆಗಳಲ್ಲಿ ಕೀಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಜೇಸನ್ ಅದನ್ನು ಪೂರ್ಣವಾಗಿ ಒಪ್ಪುತ್ತದೆ. ಕಲಿಯಲು ಮತ್ತು ಕಲಿಸಲು ಇದಕ್ಕಿಂತ ಚೆಂದದ ದಾರಿಯಿಲ್ಲ. ಹಲವರು ಸೇರಿ ಕಟ್ಟುವ ದೊಡ್ಡ ಕೆಲಸದಲ್ಲಾದರೆ ಒಂದು ತೊಡಕಿದೆ. ‘ಹೋಬಳಿ’ಯ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಒಕಾರ ಮತ್ತು ದೀರ್ಘದ ಗುರುತು ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪಿಎಚ್‌ಪಿಗೆ ಎರಡು ಬೇರೆ ಬೇರೆ ಕೀಗಳು. ತಂಡದವರೆಲ್ಲ ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಮಾಡಿಕೊಳ್ಳುವುದಾದರೆ ಕನ್ನಡ ಕೀ ಬಳಸಿ, ಇಲ್ಲವಾದರೆ ಕೀ ಇಂಗ್ಲಿಷ್‌ನಲ್ಲಿರಲಿ, ಮಾಹಿತಿ ಕನ್ನಡದಲ್ಲಿರಲಿ.

ಕಾಲೇಜುಗಳಲ್ಲಿ ಪಿಎಚ್‌ಪಿ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಜೇಸನ್ ಪಾಠಕ್ಕೆ ಬಂದಾಗ ಕೋಡ್ ಬರೆಯುವ ಮುನ್ನ ವಿದ್ಯಾರ್ಥಿಗಳಿಂದ ಬೇಕಾದ ಜೇಸನ್‌ನ ಮಾದರಿಯನ್ನು ಕಾಗದದ ಮೇಲೆ ಬರೆಸಿ, ಪ್ರತಿ ಪದರಕ್ಕೂ ಚೌಕವೋ ಪುಷ್ಪವೋ ಎಂದು ಅವರಿಂದಲೇ ಗುರುತು ಹಾಕಿಸಿ. ಖಾಲಿ ಇದ್ದಾಗ ಏನು ಹೋಗಬೇಕು ಎಂಬುದನ್ನೂ ಬರೆಸಿ. ಲ್ಯಾಬ್‌ನಲ್ಲಿ ಕೊಡುವ ಟೇಬಲ್‌ನಲ್ಲಿ ಇಂಗ್ಲಿಷ್ ಹೆಸರುಗಳ ಬದಲು ನಿಮ್ಮದೇ ತಾಲ್ಲೂಕಿನ ಹೋಬಳಿ, ಗ್ರಾಮಗಳ ಹೆಸರುಗಳು ಕನ್ನಡದಲ್ಲಿರಲಿ. ಇಂಗ್ಲಿಷ್ ಮಾಹಿತಿಯಲ್ಲಿ ಅಡಗಿ ಕೂರುವ ಅರ್ಧದಷ್ಟು ತಪ್ಪುಗಳನ್ನು ಕನ್ನಡ ಪಠ್ಯ ಮೊದಲ ದಿನವೇ ಹೊರಗೆ ಹಾಕುತ್ತದೆ.